ಕೈಗೆ ಕಾಣುವ ಕೆರೆ

ನಮ್ಮ ಸೀಮೆಯಲ್ಲಿ ಮೀನಿನ ಆಸೆ ಇಟ್ಟುಕೊಂಡವನು ಮೊದಲು ಮಳೆಯ ಮೇಲೆ ನಂಬಿಕೆ ಇಟ್ಟುಕೊಳ್ಳಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ದಾಟಿ ಆಂಧ್ರಕ್ಕೆ ಇಳಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಸುವರ್ಣಮುಖಿ ಶಿರಾ ಕಡೆಯಿಂದ ಹಾದು ವೇದಾವತಿಯ ಕೈ ಹಿಡಿದು ಕೃಷ್ಣೆಯ ಪಾಲಾಗುತ್ತದೆ. ಉತ್ತರ ಪಿನಾಕಿನಿ ನಾಗಲಮಡಿಕೆಯ ಬಳಿ ಪಾವಗಡದ ನೆಲವನ್ನು ಮುಟ್ಟಿ ಹೋಗುತ್ತದೆ. ಹೆಸರುಗಳು ದೊಡ್ಡವು, ನೀರು ಕೆಲವೇ ವಾರಗಳದ್ದು. ವರ್ಷಕ್ಕೆ ಬೀಳುವ ಮಳೆ ಒಟ್ಟು 550ರಿಂದ 700 ಮಿಲಿಮೀಟರ್. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಉತ್ತರೆ, ಹಸ್ತ, ಚಿತ್ತೆ ಮಳೆಗಳು ಕೊಟ್ಟಿದ್ದು. ಅಷ್ಟನ್ನು ಹಿಡಿದಿಟ್ಟುಕೊಳ್ಳಲು ಹಿಂದಿನವರು ಬೆಟ್ಟದ ಬುಡದಿಂದ ಬಯಲಿನವರೆಗೆ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಆ ನೀರಿನ ಜೊತೆಗೇ ಮೀನು.

ಹೀಗಾಗಿ ನಮ್ಮಲ್ಲಿ ಮೀನು ಎಂದರೆ ಕೆರೆಯ ಮೀನು, ಕೆರೆ ಎಂದರೆ ಮಳೆಯ ಲೆಕ್ಕ. ನಾನು ಈ ಲೆಕ್ಕ ಕಲಿತಿದ್ದು ನನ್ನ ಸೋದರಮಾವನಿಂದ. ಮಧುಗಿರಿ ತಾಲೂಕಿನ ಅವರ ಊರಿನ ಕೆರೆಯ ಒಂದು ಬದಿಗೆ ಬಂಡೆಗುಡ್ಡ, ಇನ್ನೊಂದು ಬದಿಗೆ ಕರಿಜಾಲಿ ಮರಗಳ ಸಾಲು. ಬೇಸಿಗೆ ರಜೆಗೆ ಹೋದಾಗ ಅಲ್ಲಿ ನೀರು ತಳ ಕಂಡಿರುತ್ತಿತ್ತು, ದಸರೆ ರಜೆಗೆ ಹೋದಾಗ ತೂಬಿನ ಕಲ್ಲು ಮುಳುಗಿರುತ್ತಿತ್ತು. ಮಾವ ಹಗಲು ಕಡಲೆಕಾಯಿ ಹೊಲದ ಕೆಲಸ ಮಾಡಿ, ಸಂಜೆ ಮುದ್ದೆ ಉಂಡು, ಹೆಗಲ ಮೇಲೊಂದು ಟವೆಲ್, ಕೈಯಲ್ಲೊಂದು ಟಾರ್ಚು ಹಿಡಿದು ಏರಿಯ ಕಡೆಗೆ ಹೊರಡುತ್ತಿದ್ದರು. ಹಿಂದೆ ನಾನು.

ಆಗಿನ ಸಾಮಾನು ಬಹಳ ಸರಳ. ತುದಿ ಸಣ್ಣಗಾದ ಬಿದಿರಿನ ಕಡ್ಡಿ, ಸಂತೆಯಲ್ಲಿ ಕೊಂಡ ತಂಗೂಸಿ ದಾರ, ಗಾಳ, ನೀರ ಮೇಲೆ ತೇಲಲು ಒಂದು ಚೂರು ಬೆಂಡು. ಗೆಂಡೆ ಮೀನಿಗೆ ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಕಲೆಸಿದ ಉಂಡೆ. ಜಿಲೇಬಿ ಮೀನಿಗೆ ಎರೆಹುಳ. ಮುರುಗೋಡಿಗೆ ಕೋಳಿ ಕರುಳು. ಕೊರವನಿಗೆ ಕಪ್ಪೆಮರಿ, ಅದೂ ಜೀವಂತ. ಹೊತ್ತು ಮುಳುಗುವವರೆಗೆ ಬೆಂಡನ್ನು ನೋಡುತ್ತಾ ಕೂರುವುದು ಮಕ್ಕಳಿಗೂ ಬರುತ್ತದೆ. ಕತ್ತಲಾದ ಮೇಲೆ ಬೆಂಡು ಕಾಣುವುದಿಲ್ಲ. ಆಗ ಮಾವ ಬೆಂಡು ಬಿಚ್ಚಿ, ದಾರವನ್ನು ನೇರ ಬೆರಳಿನ ಮೇಲೆ ಹಾಯಿಸಿಕೊಳ್ಳುತ್ತಿದ್ದರು. ನನಗೂ ಹಾಗೇ ಕೊಡುತ್ತಿದ್ದರು.

"ಲೋ, ನೀರಿನ್ ಮ್ಯಾಲೆ ಕಣ್ಣಿಕ್ಕಬ್ಯಾಡ. ಕಣ್ಣಿಗೇನೂ ಕಾಣಲ್ಲ. ಬೆರಳಲ್ಲಿ ಕೇಳು" ಎನ್ನುತ್ತಿದ್ದರು.

ಆ ವಯಸ್ಸಿಗೆ ಅದು ನನಗೆ ಸುಮ್ಮನೆ ಕೂರಿಸುವ ಮಾತಾಗಿ ಕೇಳಿಸುತ್ತಿತ್ತು. ಆ ಮಾತಿನ ಪೂರ್ತಿ ತೂಕ ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ತಿಳಿಸಿದ್ದು ಒಂದು ಹಿಡಿ ಮೆದು ಪ್ಲಾಸ್ಟಿಕ್ಕು.

ರಾತ್ರಿಯ ಕೆರೆಯಲ್ಲಿ ಬೇಟೆಗೆ ಏಳುವ ಮೀನುಗಳು ಬೇರೆ. ಹಗಲು ದಡದ ಹತ್ತಿರ ಗುಂಪಾಗಿ ಓಡಾಡುವ ಜಿಲೇಬಿ ಕತ್ತಲಾದ ಮೇಲೆ ಮಂಕಾಗುತ್ತದೆ. ಆಫ್ರಿಕಾ ಮೂಲದ ಈ ಮೀನನ್ನು ಭಾರತಕ್ಕೆ ತಂದದ್ದು 1952ರಲ್ಲಿ. ತಾಯಿ ಮೊಟ್ಟೆ ಮರಿಗಳನ್ನು ಬಾಯೊಳಗೇ ಇಟ್ಟು ಕಾಯುವುದರಿಂದ ಅದು ಎಂಥ ಕೊಳಕು ನೀರಿನಲ್ಲೂ ಸಂಸಾರ ಬೆಳೆಸಿತು, ಇಂದು ನಮ್ಮ ಹೆಚ್ಚಿನ ಕೆರೆಗಳಲ್ಲಿ ಮೊದಲು ಗಾಳಕ್ಕೆ ಬೀಳುವುದು ಅದೇ. ಮುರುಗೋಡು, ಚೇಳುಮೀನುಗಳದು ರಾತ್ರಿಯ ಬದುಕು. ಅವುಗಳ ಮೀಸೆಯಲ್ಲಿ ರುಚಿ ತಿಳಿಯುವ ಶಕ್ತಿ ಇದೆ, ಕೆಸರಿನಲ್ಲಿ ಮೀಸೆ ಆಡಿಸಿಕೊಂಡೇ ಊಟ ಹುಡುಕುತ್ತವೆ. ಚೇಳುಮೀನಿನ ಪಕ್ಕದ ಮುಳ್ಳಿಗೆ ವಿಷವಿದೆ, ಚುಚ್ಚಿದರೆ ತೋಳಿನವರೆಗೆ ಉರಿ ಏರುತ್ತದೆ. ಕತ್ತಲಲ್ಲಿ ಹಿಡಿದ ಮೀನನ್ನು ಟಾರ್ಚು ಹಾಕದೆ ಮುಟ್ಟಬಾರದು ಎನ್ನುವುದು ಅದಕ್ಕೇ.

ಇವೆಲ್ಲಕ್ಕೂ ಮೇಲೆ ಕೊರವ. ಪಾವಗಡದ ಕಡೆ ಕೊರಮೀನು ಅನ್ನುತ್ತಾರೆ. ಹಾವಿನ ತಲೆ, ಮರದ ದಿಮ್ಮಿಯ ಮೈ, ಜೊಂಡಿನ ನೆರಳಿನಲ್ಲಿ ಅಲುಗದೆ ನಿಂತು ಒಮ್ಮೆಲೇ ನುಗ್ಗುವ ಸ್ವಭಾವ. ಕಿವಿರಿನ ಜೊತೆಗೆ ನೇರ ಗಾಳಿಯನ್ನೂ ಉಸಿರಾಡಬಲ್ಲದು, ಆಗಾಗ ಮೇಲೆ ಬಂದು ಗುಟುಕು ಗಾಳಿ ಕುಡಿದು ಹೋಗುತ್ತದೆ. ನೀರು ಇಂಗಿದರೆ ಹಸಿ ಕೆಸರಿನಲ್ಲಿ ಹುದುಗಿಕೊಂಡು ಕೆಲವು ಕಾಲ ಜೀವ ಹಿಡಿದಿರುತ್ತದೆ. ಬರದ ನಾಡಿಗೆ ಹೇಳಿ ಮಾಡಿಸಿದ ಮೀನು. ಮುಳ್ಳು ಕಡಿಮೆ, ಮಾಂಸ ಗಟ್ಟಿ. ಹುಣಸೆ ಹುಳಿಯಲ್ಲಿ ಬೆಂದ ಕೊರವನ ಸಾರಿಗೆ ಬಿಸಿ ಮುದ್ದೆ ಮುರಿದವರು ಬೇರೆ ಮೀನನ್ನು ಹೊಗಳುವುದು ಕಷ್ಟ.

ಮೀನಿನ ಮೈಯ ಎರಡೂ ಬದಿಗೆ ತಲೆಯಿಂದ ಬಾಲದವರೆಗೆ ಒಂದು ಗೆರೆ ಇರುತ್ತದೆ. ಚರ್ಮದ ಅಡಿಯಲ್ಲಿರುವ ಸಣ್ಣ ಇಂದ್ರಿಯಗಳ ಸಾಲು ಅದು, ಪಾರ್ಶ್ವರೇಖೆ ಎನ್ನುತ್ತಾರೆ. ನೀರು ಅಲುಗಿದ್ದು ಮೀನಿಗೆ ಅದರಿಂದ ಗೊತ್ತಾಗುತ್ತದೆ. ಮರಿಮೀನು ಬಾಲ ಬಡಿದದ್ದೂ ಕಪ್ಪೆ ಕಾಲು ಒದ್ದದ್ದೂ ಮೈಗೆ ತಾಕುತ್ತದೆ. ಅಮಾವಾಸ್ಯೆಯ ರಾತ್ರಿ, ಬಗ್ಗಡದ ನೀರಿನಲ್ಲಿ, ಕಣ್ಣು ಕೈಕೊಟ್ಟರೂ ಮೀನು ಹಸಿದು ಮಲಗುವುದಿಲ್ಲ.

ಮೆದು ಪ್ಲಾಸ್ಟಿಕ್ಕಿನ ಗುಟ್ಟು ಇಲ್ಲೇ ಇರುವುದು, ಅದು ಬಳುಕಿದಾಗಲೂ ನೀರು ಹೀಗೆಯೇ ಅಲುಗುತ್ತದೆ. ನನ್ನ ಕೈಗೆ ಅದು ಬಂದಿದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಅಣ್ಣನ ಮಗನಿಂದ. ಹಬ್ಬಕ್ಕೆ ಊರಿಗೆ ಬಂದಾಗ ರೀಲು ಕೂಡಿಸಿದ ಕಡ್ಡಿ, ಸಣ್ಣ ಡಬ್ಬಿಯ ತುಂಬ ರಬ್ಬರ್ ಕಪ್ಪೆ, ರಬ್ಬರ್ ಹುಳು, ಬಾಲ ಅಲುಗಿಸುವ ರಬ್ಬರ್ ಮರಿಮೀನು ತಂದಿದ್ದ. ರಬ್ಬರ್ ಎಂದು ನಾವು ಕರೆಯುತ್ತೇವೆ, ಆದರೆ ಅದು ಪಿವಿಸಿ. ಪಿವಿಸಿ ಪುಡಿಗೆ ಮೆದು ಮಾಡುವ ಎಣ್ಣೆ ಬೆರೆಸಿ, ಕಾಯಿಸಿ, ಅಚ್ಚಿಗೆ ಹೊಯ್ದರೆ ಕೈಯಲ್ಲಿ ಬಳುಕುವ ಹುಳು ಸಿದ್ಧ. 1949ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ ನಿಕ್ ಕ್ರೀಮ್ ಎನ್ನುವವನು ಹೆಂಡತಿಯ ಜೊತೆ ಮನೆಯ ಒಲೆಯ ಮೇಲೇ ಇಂಥ ಹುಳು ಮಾಡಿ ಮಾರಾಟಕ್ಕೆ ಇಟ್ಟ. ಅಲ್ಲಿಂದ ಅದು ಜಗತ್ತು ಸುತ್ತಿತು. ಆಸ್ಟ್ರೇಲಿಯದ ಅಳಿವೆಗಳಲ್ಲಿ ಬ್ರೀಮ್ ಎಂಬ ಬೆಳ್ಳಿ ಮೈಯ ಮೀನಿಗೆ ರಾತ್ರಿ ಹೊತ್ತು ಇದನ್ನೇ ಹಾಕುತ್ತಾರೆ. ಹೆಬ್ಬೆರಳುದ್ದದ ಮೆದು ಮರಿಮೀನನ್ನು ಸೀಸದ ತಲೆಯ ಗಾಳಕ್ಕೆ ಪೋಣಿಸಿ, ತಳಕ್ಕೆ ಇಳಿಯಬಿಟ್ಟು, ಮೆಲ್ಲನೆ ಕುಪ್ಪಳಿಸುತ್ತಾ ಎಳೆಯುವುದು ಅವರ ಪದ್ಧತಿ. ಅಳಿವೆಯ ಪದ್ಧತಿ ಮಧುಗಿರಿಯ ಕೆರೆಗೂ ಒಗ್ಗಿತು. ನೀರು ಬೇರೆ, ಮೀನು ಬೇರೆ, ಕತ್ತಲು ಮಾತ್ರ ಒಂದೇ.

ಮಾವ ಮೊದಲು ರಬ್ಬರ್ ಕಪ್ಪೆಯನ್ನು ಅಂಗೈಯಲ್ಲಿಟ್ಟು ಹಿಚುಕಿ ನೋಡಿದರು. ಒಳಗೆ ಟೊಳ್ಳು. ಎರಡು ಗಾಳದ ಮೊನೆಗಳು ಬೆನ್ನಿಗೆ ಒತ್ತಿಕೊಂಡು ಮಲಗಿದ್ದವು. ಜೊಂಡು, ಅಂತರಗಂಗೆಯ ಮೇಲೆ ಎಳೆದರೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ, ಮೀನು ಕಚ್ಚಿದಾಗ ಕಪ್ಪೆ ಚಪ್ಪಟೆಯಾಗಿ ಮೊನೆ ಹೊರಬರುತ್ತದೆ. ಅದನ್ನು ನೋಡಿದ ಮಾವನ ಮುಖ ಅರಳಿತು. ಅವರ ಸಂತೋಷದ ಕಾರಣ ನಾನು ಎಣಿಸಿದ್ದಲ್ಲ.

"ಇನ್ ಮ್ಯಾಲೆ ಕಪ್ಪೆ ಚುಚ್ಚಂಗಿಲ್ಲ ಬಿಡಪ್ಪ. ನಂಗದು ಯಾವತ್ತೂ ಮನಸ್ಸಿಗೆ ಬರ್ತಿರ್ಲಿಲ್ಲ" ಎಂದರು.

ಜೀವಮಾನವೆಲ್ಲ ಕಪ್ಪೆಮರಿಯನ್ನು ಗಾಳಕ್ಕೆ ಚುಚ್ಚಿದ ಮನುಷ್ಯ ಪ್ರತಿ ಸಲವೂ ಅದನ್ನು ನೋವಿನಿಂದಲೇ ಮಾಡುತ್ತಿದ್ದರು ಎಂಬುದು ನನಗೆ ಆ ದಿನ ತಿಳಿಯಿತು. ಆ ಮೇಲೆ ನಮ್ಮ ಮನೆಯವರು ಯಾರೂ ಕೊರವನಿಗೆ ಜೀವಂತ ಕಪ್ಪೆ ಹಾಕಿಲ್ಲ. ಗದ್ದೆಯ ಹುಳು ತಿಂದು ಬದುಕುವ ಪ್ರಾಣಿ ಗದ್ದೆಯಲ್ಲೇ ಉಳಿಯಿತು. ಹೊಸ ಸಾಮಾನು ತಂದ ಮೊದಲ ಒಳ್ಳೆಯದು ಇದು.

ಎರಡನೆಯದು ಕಲಿಕೆ. ಎರೆಹುಳ ಹಾಕಿ ಕೂತಾಗ ಮೀನು ತಾನಾಗಿ ವಾಸನೆ ಹಿಡಿದು ಬರುತ್ತದೆ, ನಾವು ಕಾಯುತ್ತೇವೆ. ಪ್ಲಾಸ್ಟಿಕ್ಕಿಗೆ ಜೀವವಿಲ್ಲ, ಅದಕ್ಕೆ ಚಲನೆ ಕೊಡಬೇಕಾದದ್ದು ನಮ್ಮ ಮಣಿಕಟ್ಟು. ಎಸೆದು, ತಳ ಮುಟ್ಟುವವರೆಗೆ ಬಿಟ್ಟು, ದಾರ ಸಡಿಲವಾದದ್ದನ್ನು ಬೆರಳಲ್ಲಿ ಗುರುತಿಸಬೇಕು. ಕಡ್ಡಿಯ ತುದಿಯನ್ನು ಒಂದು ಗೇಣು ಎತ್ತಬೇಕು, ಮತ್ತೆ ಇಳಿಯಬಿಡಬೇಕು. ಹೆಚ್ಚಿನ ಮೀನು ಕಚ್ಚುವುದು ಅದು ಇಳಿಯುವಾಗಲೇ. ಆದ್ದರಿಂದ ದಾರ ಪೂರ್ತಿ ಸಡಿಲ ಬಿಟ್ಟರೆ ಕಚ್ಚಿದ್ದು ತಿಳಿಯದು, ಪೂರ್ತಿ ಬಿಗಿ ಹಿಡಿದರೆ ಹುಳು ಸಹಜವಾಗಿ ಇಳಿಯದು. ಈ ಎರಡರ ನಡುವಿನ ಹದವನ್ನು ಯಾರೂ ಬಾಯಲ್ಲಿ ಹೇಳಿಕೊಡಲಾರರು. ಬಣ್ಣದ ವಿಷಯದಲ್ಲೂ ರಾತ್ರಿಗೆ ತನ್ನದೇ ನಿಯಮ. ಕೆಳಗಿನಿಂದ ಮೇಲಕ್ಕೆ ನೋಡುವ ಮೀನಿಗೆ ಆಕಾಶವೇ ಹಿನ್ನೆಲೆ, ಆ ಮಸುಕು ಬೆಳಕಿನ ಎದುರು ಕಪ್ಪು, ಕಡುನೇರಳೆ ಆಕಾರಗಳು ಚೆನ್ನಾಗಿ ಎದ್ದು ಕಾಣುತ್ತವೆ. ಅಂಗಡಿಯಲ್ಲಿ ಕಣ್ಣು ಸೆಳೆಯುವ ಮಿನುಗು ಬಣ್ಣಗಳು ನಮ್ಮ ಕೆರೆಯಲ್ಲಿ ರಾತ್ರಿ ಹೆಚ್ಚು ಕೆಲಸ ಮಾಡಲಿಲ್ಲ.

ಹೀಗೆ ಎಸೆದು ಎಸೆದು ಎಳೆಯುತ್ತಾ ಹೋದಾಗ ನೀರಿನ ಅಡಿಯ ನೆಲ ನಿಧಾನವಾಗಿ ನನ್ನ ಕೈಗೆ ಬಂತು. ಸೀಸದ ತಲೆ ಜಲ್ಲಿಗೆ ತಾಗಿದರೆ ಕಡ್ಡಿಯಲ್ಲಿ ಸಣ್ಣ ಕಟಕಟ. ಹೂಳಿಗೆ ಬಿದ್ದರೆ ಸದ್ದೇ ಇಲ್ಲದ ಮೆತ್ತನೆಯ ಅಂಟು. ಜೊಂಡಿಗೆ ಸಿಕ್ಕರೆ ತೂಕ ಏರುತ್ತದೆ, ಆದರೆ ಜೀವವಿರುವುದಿಲ್ಲ. ಜಿಲೇಬಿ ಮುಟ್ಟಿದರೆ ಟಕ್ ಟಕ್ ಎಂಬ ಚುಟುಕು ಬಡಿತ. ಮುರುಗೋಡು ಹಿಡಿದರೆ ಹಗ್ಗಕ್ಕೆ ಕಟ್ಟಿದ ಕರು ಜಗ್ಗಿದ ಹಾಗೆ ಒಂದೇ ಸಮನೆ ಎಳೆತ. ಕೊರವ ಬಂದರೆ ಮೊದಲು ನೀರು ಒಡೆದ ಸದ್ದು, ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆ ಕ್ಷಣದಲ್ಲಿ ಕಡ್ಡಿ ಎತ್ತಬಾರದು. ಅದು ಕಪ್ಪೆಯನ್ನು ಬಾಯೊಳಗೆ ಸರಿಯಾಗಿ ತೆಗೆದುಕೊಂಡು ತಿರುಗಿದಾಗ ದಾರದಲ್ಲಿ ಭಾರ ಬರುತ್ತದೆ, ಆಗ ಎತ್ತಬೇಕು.

ನಮ್ಮ ಕೆರೆಯ ಅಡಿಯಲ್ಲಿ ಹಳೆಯ ಹಳ್ಳದ ದಾರಿಯೊಂದು ಇನ್ನೂ ಇದೆ ಎಂಬುದು ನನಗೆ ಗೊತ್ತಾಗಿದ್ದು ಹೀಗೆ. ಕೆರೆ ಕಟ್ಟುವ ಮುಂಚೆ ಅಲ್ಲಿ ಹರಿಯುತ್ತಿದ್ದ ಹಳ್ಳದ ತಳ ಉಳಿದ ನೆಲಕ್ಕಿಂತ ಆಳ. ಬಂಡೆಗುಡ್ಡದ ಕಡೆಯಿಂದ ಬಂದು ತೂಬಿನ ಹತ್ತಿರ ತಿರುಗುತ್ತದೆ. ಎಸೆದ ಹುಳು ಒಂದು ಜಾಗದಲ್ಲಿ ಬೇಗ ತಳ ಮುಟ್ಟಿದರೆ, ನಾಲ್ಕು ಮಾರು ಆಚೆಗೆ ಇಳಿಯುತ್ತಲೇ ಇರುತ್ತಿತ್ತು. ಆ ಅಂಚಿನಲ್ಲೇ ಮೀನು ಇರುತ್ತಿತ್ತು. ಮಾವನನ್ನು ಕೇಳಿದೆ. ಅವರಿಗೆ ಅದು ಹುಡುಗನಾಗಿದ್ದಾಗಿನಿಂದ ಗೊತ್ತು, ಬರಗಾಲದಲ್ಲಿ ಕೊನೆಯ ನೀರು ನಿಲ್ಲುವುದು ಆ ತಿರುವಿನ ಮಡುವಿನಲ್ಲೇ ಎಂದರು. ಅವರು ಬಿದಿರು ಕಡ್ಡಿಯಲ್ಲಿ ಕಲಿತದ್ದನ್ನೇ ನಾನು ರೀಲು ಕಡ್ಡಿಯಲ್ಲಿ ಕಲಿತಿದ್ದೆ.

ಮುಟ್ಟಿ ತಿಳಿಯುವ ಈ ಬಗೆ ನಮ್ಮ ಸೀಮೆಗೆ ಹೊಸದಲ್ಲ. ಶಿರಾ ತಾಲೂಕಿನ ಕಗ್ಗಲಡುವಿಗೆ ಹೋದವರು ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುವುದನ್ನು ನೋಡಿರುತ್ತಾರೆ. ಊರಿನ ಜನ ಅವುಗಳನ್ನು ಮನೆಗೆ ಬಂದ ಹೆಣ್ಣುಮಕ್ಕಳೆಂದೇ ನೋಡಿಕೊಳ್ಳುತ್ತಾರೆ. ಈ ಹಕ್ಕಿ ಸುತ್ತಲಿನ ಕೆರೆಗಳಲ್ಲಿ ಮೀನು ಹಿಡಿಯುವುದನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಮೊಣಕಾಲುದ್ದದ ನೀರಿನಲ್ಲಿ ನಿಂತು, ಕೊಕ್ಕನ್ನು ಅರ್ಧ ತೆರೆದು ನೀರೊಳಗಿಟ್ಟು, ಅತ್ತಿತ್ತ ಆಡಿಸುತ್ತದೆ. ಕಾಲಲ್ಲಿ ಕೆಸರು ಕಲಕುತ್ತದೆ. ಮೀನು ಕೊಕ್ಕಿಗೆ ತಾಕಿದ ತಕ್ಷಣ ಕೊಕ್ಕು ಮುಚ್ಚುತ್ತದೆ. ಬೇಟೆಯನ್ನು ಕಣ್ಣಿನಿಂದ ಹುಡುಕುವ ಹಂಗು ಅದಕ್ಕೆ ಇಲ್ಲ, ಹಾಗಾಗಿ ಬಗ್ಗಡದ ನೀರಿನಲ್ಲೂ ಅದರ ಹೊಟ್ಟೆ ತುಂಬುತ್ತದೆ. ಇದನ್ನು ಕಂಡ ದಿನ ಮಾವನ ಮಾತು ನನಗೆ ಮತ್ತೊಮ್ಮೆ ಕೇಳಿಸಿತು. ಹಕ್ಕಿಯ ಕೊಕ್ಕು, ಕೊರವನ ಮೈಗೆರೆ, ಮುರುಗೋಡಿನ ಮೀಸೆ, ಮಾವನ ಬೆರಳು, ಎಲ್ಲವೂ ಒಂದೇ ಶಾಲೆಯಲ್ಲಿ ಓದಿದವು.

ರಾತ್ರಿಯ ಕೆರೆಗೆ ತನ್ನದೇ ಶಿಸ್ತು ಇದೆ. ಏರಿಯ ಕಲ್ಲುಸಂದಿಗಳಲ್ಲಿ ಕೊಳಕುಮಂಡಲ ಇರುತ್ತದೆ, ಆದ್ದರಿಂದ ಟಾರ್ಚಿನ ಬೆಳಕು ಮೊದಲು ಕಾಲಿಗೆ, ಆಮೇಲೆ ನೀರಿಗೆ. ಮಧುಗಿರಿ, ಕೊರಟಗೆರೆ ಬೆಟ್ಟಸಾಲಿನಲ್ಲಿ ಕರಡಿ, ಚಿರತೆಗಳಿವೆ. ಬೇಸಿಗೆಯಲ್ಲಿ ಅವು ನೀರಿಗೆ ಇಳಿಯುವ ಕೆರೆಗೆ ನಾವು ಕತ್ತಲಲ್ಲಿ ಹೋಗುತ್ತಿರಲಿಲ್ಲ. ಕುಡಿಯುವ ನೀರಿಗೆಂದು ಕಾದಿಟ್ಟ ಕೆರೆಗಳಿಗೆ ಗಾಳ ಹಾಕುತ್ತಿರಲಿಲ್ಲ. ಕೆರೆಯ ಮೀನಿನ ಹಕ್ಕು ಇಲಾಖೆಯಿಂದಲೋ ಪಂಚಾಯಿತಿಯಿಂದಲೋ ಗುತ್ತಿಗೆಗೆ ಹೋಗುತ್ತದೆ. ಗುತ್ತಿಗೆ ಹಿಡಿದವರು ಮರಿ ಕೊಂಡು ತಂದು ಬಿಟ್ಟಿರುತ್ತಾರೆ, ಬೆಸ್ತರ ಸಂಘವಾದರೆ ಎಷ್ಟೋ ಮನೆಗಳ ಅನ್ನ ಅದು. ಅವರನ್ನು ಕೇಳದೆ ನೀರಿಗೆ ದಾರ ಬಿಡಬಾರದು. ಅವರು ಬಿಟ್ಟ ಕಾಟ್ಲಾ, ರೋಹು, ಮೃಗಾಲ್‌ಗೆ ಕೈ ಹಾಕುವುದಿಲ್ಲ, ಕೊರವ, ಜಿಲೇಬಿ ಸಿಕ್ಕರೆ ಮನೆಯ ಸಾರಿಗೆ ಎರಡು ಒಯ್ಯುತ್ತೇವೆ ಎಂದರೆ ಬೇಡ ಎಂದವರು ಕಡಿಮೆ.

ಮಾವನ ಕಟ್ಟಳೆಗಳಲ್ಲಿ ಒಂದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಮಳೆಗಾಲದಲ್ಲಿ ಜೊಂಡಿನ ನಡುವೆ ನೀರು ಒಂದು ಕಡೆ ಕುದಿಯುತ್ತಿರುವುದು ಕಾಣುತ್ತದೆ. ಟಾರ್ಚು ಹಾಕಿದರೆ ನೂರಾರು ಕೆಂಪು ಕಿತ್ತಳೆ ಮರಿಗಳು ಗುಂಪಾಗಿ ಗಾಳಿ ಕುಡಿಯಲು ಮೇಲೇರುತ್ತಿರುತ್ತವೆ. ಅವುಗಳ ಅಡಿಯಲ್ಲಿ ತಂದೆ ತಾಯಿ ಕೊರವ ಕಾವಲಿರುತ್ತವೆ. ಆ ಗುಂಪಿನ ಮೇಲೆ ರಬ್ಬರ್ ಕಪ್ಪೆ ಎಳೆದರೆ ಹೊಟ್ಟೆ ಹಸಿಯದಿದ್ದರೂ ಸಿಟ್ಟಿಗೆ ಕಚ್ಚುತ್ತವೆ. ಹಿಡಿಯುವುದು ಸುಲಭ. ಹಾಗೆ ಹಿಡಿದವರು ದೊಡ್ಡ ಮೀನಿನ ಜೊತೆ ಫೋಟೊ ತೆಗೆಸಿಕೊಳ್ಳುವುದನ್ನೂ ಕಂಡಿದ್ದೇನೆ. ಕಾವಲು ಹೋದ ಮರಿಗಳನ್ನು ಜಿಲೇಬಿ, ಬೆಳ್ಳಕ್ಕಿ, ನೀರುಹಾವು ಬೆಳಗಾಗುವುದರೊಳಗೆ ಮುಗಿಸುತ್ತವೆ. ಮಾವ ಅಂಥ ಜಾಗ ಕಂಡರೆ ಕಡ್ಡಿ ಮಡಚಿ ಇನ್ನೊಂದು ಬದಿಗೆ ನಡೆದುಬಿಡುತ್ತಿದ್ದರು. "ಬಾಣಂತಿ ಮನೆ ಬಾಗ್ಲು ತಟ್ಟಬಾರ್ದು" ಎನ್ನುವುದು ಅವರ ಮಾತು. ಈಗ ನನ್ನ ಜೊತೆ ಬರುವ ಹುಡುಗರಿಗೆ ನಾನು ಮೊದಲು ಹೇಳುವುದೂ ಇದನ್ನೇ.

ಬೆಳಗಿನ ಜಾವದವರೆಗೆ ಕೂತವರಿಗೆ ಕೆರೆ ತನ್ನ ಆರೋಗ್ಯವನ್ನೂ ಹೇಳುತ್ತದೆ. ಹಗಲು ನೀರೊಳಗಿನ ಪಾಚಿ, ಗಿಡ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ಉಸಿರಾಡುವ ಜೀವಗಳೇ, ನೀರಿನ ಆಮ್ಲಜನಕವನ್ನು ಬಳಸುತ್ತವೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚಿನ ಹೊತ್ತಿನಲ್ಲಿ ನೀರಿನ ಉಸಿರು ಬಹಳ ಕಡಿಮೆ. ಊರಿನ ಬಚ್ಚಲು ನೀರು ಸೇರಿ ಹಸಿರುಗಟ್ಟಿದ ಕೆರೆಯಲ್ಲಿ ಆ ಹೊತ್ತಿಗೆ ಗೆಂಡೆಗಳು ಬಾಯಿ ತೆರೆದು ಮೇಲಕ್ಕೆ ಬಂದು ಏದುಸಿರು ಬಿಡುವುದನ್ನು ನಾವು ಕಂಡಿದ್ದೇವೆ. ಗಾಳಿ ಕುಡಿಯಬಲ್ಲ ಕೊರವ, ಮುರುಗೋಡು ಮಾತ್ರ ನೆಮ್ಮದಿಯಿಂದಿರುತ್ತವೆ. ಒಂದು ದಿನ ಬೆಳಿಗ್ಗೆ ಕೆರೆಯ ತುಂಬ ಮೀನು ಸತ್ತು ತೇಲಿದರೆ ಯಾರೋ ವಿಷ ಹಾಕಿದರೆಂದು ಊರಲ್ಲಿ ಗದ್ದಲವಾಗುತ್ತದೆ. ಎಷ್ಟೋ ಸಲ ವಿಷ ಹಾಕಿದವರು ಯಾರೂ ಇರುವುದಿಲ್ಲ, ನಾವೆಲ್ಲರೂ ಬಿಟ್ಟ ಚರಂಡಿಯೇ ಆ ಕೆಲಸ ಮಾಡಿರುತ್ತದೆ. ರಾತ್ರಿ ಕೆರೆಯ ಪಕ್ಕ ಕೂತವರಿಗೆ ಇದು ವಾರ ಮುಂಚೆಯೇ ತಿಳಿದಿರುತ್ತದೆ.

ಬರ ಬಂದಾಗ ಕೆರೆ ಇನ್ನೊಂದು ಸತ್ಯ ತೋರಿಸುತ್ತದೆ. 2018ರ ಮಳೆ ಕೈಕೊಟ್ಟ ಮೇಲೆ ನಮ್ಮ ಸುತ್ತಿನ ಅನೇಕ ಕೆರೆಗಳ ಅಂಗಳ ಬಿರುಕು ಬಿಟ್ಟಿತು. ಪಾವಗಡದ ಕಡೆ ಹೋದರೆ ಇನ್ನೂ ಕಠಿಣ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಸೋಲಾರ್ ಫಲಕಗಳು ಬಿಸಿಲನ್ನು ಫಸಲಾಗಿ ಕೊಯ್ಯುತ್ತಿದ್ದವು, ಪಕ್ಕದ ಕೆರೆಗಳಲ್ಲಿ ಕುರಿಗೂ ನೀರಿರಲಿಲ್ಲ. ಆ ಬೇಸಿಗೆ ನಾನು, ಮಾವ, ಅಣ್ಣನ ಮಗ ಮೂವರೂ ನಮ್ಮ ಕೆರೆಯ ಅಂಗಳದಲ್ಲಿ ನಡೆದೆವು. ವರ್ಷಗಟ್ಟಲೆ ಕೈಯಲ್ಲಿ ಮುಟ್ಟಿದ ನೆಲವನ್ನು ಕಾಲಲ್ಲಿ ಮುಟ್ಟಿದ್ದು ಆಗ. ಹಳ್ಳದ ದಾರಿ ನಾನು ತಿಳಿದಿದ್ದ ಕಡೆಗೇ ತಿರುಗಿತ್ತು. ಜಲ್ಲಿ ಇದ್ದ ಜಾಗ, ಮುರಿದ ತೂಬಿನ ಕಲ್ಲು, ಮುಳುಗಿದ ಜಾಲಿಯ ಬೊಡ್ಡೆ, ಎಲ್ಲ ಅಲ್ಲಲ್ಲೇ ಇದ್ದವು. ತಿರುವಿನ ಮಡುವಿನಲ್ಲಿ ಒಂದಿಷ್ಟು ಕೆಸರು ನೀರು, ಅದರೊಳಗೆ ಮಿಸುಕುವ ಬೆನ್ನುಗಳು.

ಬೊಡ್ಡೆಯ ಸುತ್ತ ಇನ್ನೊಂದು ಬೆಳೆಯೂ ಇತ್ತು. ತಂಗೂಸಿ ದಾರದ ಗೋಜಲು, ತುಕ್ಕು ಹಿಡಿದ ಗಾಳ, ಸೀಸದ ಗುಂಡು, ಬಣ್ಣ ಮಾಸದ ಪ್ಲಾಸ್ಟಿಕ್ ಹುಳುಗಳು. ಎಷ್ಟೋ ಜನರ ಕಡ್ಡಿಯಿಂದ ಕಳಚಿದವು. ಬಿದಿರು ಕಡ್ಡಿಯ ಕಾಲದಲ್ಲಿ ಗಾಳ ಸಿಕ್ಕಿ ಕಡಿದರೆ ಎರೆಹುಳ ಮಣ್ಣಾಗುತ್ತಿತ್ತು, ಕಬ್ಬಿಣ ತುಕ್ಕಾಗುತ್ತಿತ್ತು. ಪಿವಿಸಿ ಮಣ್ಣಾಗುವುದಿಲ್ಲ. ನೀರಿನಲ್ಲಿ ಬಿದ್ದ ಮೆದು ಹುಳುವನ್ನು ಮೀನು ನುಂಗಿದರೆ ಅದು ಹೊಟ್ಟೆಯಲ್ಲಿ ಕರಗುವುದಿಲ್ಲ. ದಾರದ ಗೋಜಲು ಹಕ್ಕಿಯ ಕಾಲಿಗೆ ಸುತ್ತಿದರೆ ಹಕ್ಕಿ ಕುಂಟುತ್ತದೆ, ಕಾಲು ಕೊಳೆಯುತ್ತದೆ, ಹಕ್ಕಿ ಸಾಯುತ್ತದೆ. ಕಪ್ಪೆಯ ನೋವನ್ನು ಕಳೆದ ಸಾಮಾನೇ ಕೊಕ್ಕರೆಗೆ ಉರುಳಾಗುವುದಾದರೆ ಆ ಲಾಭ ಉಳಿಯುವುದಿಲ್ಲ. ಮಾವ ಟವೆಲ್ ಹಾಸಿದರು. ಮೂವರೂ ಸಿಕ್ಕಷ್ಟನ್ನೂ ಆರಿಸಿ ಅದರಲ್ಲಿ ಕಟ್ಟಿಕೊಂಡು ಬಂದೆವು. ಅಂದಿನಿಂದ ನಮ್ಮ ಗುಂಪಿನಲ್ಲಿ ಹರಿದ ಹುಳುವನ್ನು ನೀರಿಗೆ ಎಸೆಯುವಂತಿಲ್ಲ, ಜೇಬಿಗೆ ಹಾಕಿಕೊಳ್ಳಬೇಕು. ಜಾಲಿ ಬೊಡ್ಡೆಯ ಸುತ್ತ ಗಾಳದ ಮೊನೆಯನ್ನು ಪ್ಲಾಸ್ಟಿಕ್ಕಿನೊಳಗೇ ಹುದುಗಿಸಿ ಎಸೆಯಬೇಕು, ಆಗ ಸಿಕ್ಕಿಕೊಳ್ಳುವುದು ಕಡಿಮೆ. ಕಡಿದರೆ, ಬೆಳಕು ಹರಿದ ಮೇಲೆ ಇಳಿದು ತೆಗೆಯಲಾಗುವ ಜಾಗವಾದರೆ ತೆಗೆಯಬೇಕು.

2022ರಲ್ಲಿ ಮಳೆ ಹಳೆಯ ಬಾಕಿಯನ್ನೆಲ್ಲ ತೀರಿಸಿತು. ಜಯಮಂಗಲಿ ಎರಡೂ ದಡ ಮೀರಿ ಹರಿಯಿತು, ಕೊರಟಗೆರೆಯ ತೀತಾ ಜಲಾಶಯ ತುಂಬಿತು, ಶಿರಾ, ಪಾವಗಡದ ಕೆರೆಗಳು ಕೋಡಿ ಬಿದ್ದವು. ಜನ ಟ್ರ್ಯಾಕ್ಟರ್ ಮಾಡಿಕೊಂಡು ಬಂದು ಕೋಡಿಗೆ ಬಾಗಿನ ಕೊಟ್ಟರು. ನಮ್ಮ ಕೆರೆಯೂ ತುಂಬಿತು. ಮೀನು ಎಲ್ಲಿಂದ ಬಂತು ಎಂದು ಊರ ಮಕ್ಕಳು ಕೇಳಿದರು. ಕೆಲವು ಮೇಲಿನ ಕೆರೆಯ ಕೋಡಿಯಿಂದ ಇಳಿದವು, ಕೆಲವು ಗುತ್ತಿಗೆಯವರು ಬಿಟ್ಟ ಮರಿ. ಕೊರವನ ಸಂತತಿ ಮಾತ್ರ ಆ ತಿರುವಿನ ಮಡುವಿನಿಂದ, ಸುತ್ತಲಿನ ಹಳೆಯ ಬಾವಿಗಳಿಂದ ಎದ್ದು ಬಂದದ್ದು ಎಂದು ಮಾವ ದೃಢವಾಗಿ ಹೇಳಿದರು. ಎಪ್ಪತ್ತು ದಾಟಿದ ಅವರು ಆ ವರ್ಷ ಚಿತ್ತೆ ಮಳೆ ಬಿಟ್ಟ ರಾತ್ರಿ ರೀಲು ಕಡ್ಡಿ ಹಿಡಿದು ಏರಿಗೆ ಬಂದರು. ಕಣ್ಣಿಗೆ ಪೊರೆ ಬಂದಿತ್ತು. ಕಡ್ಡಿ ಹಿಡಿದ ಕೈಗೆ ಏನೂ ಆಗಿರಲಿಲ್ಲ. ಕಪ್ಪು ಕಪ್ಪೆಯನ್ನು ಜೊಂಡಿನ ಅಂಚಿಗೆ ಎಸೆದು, ನಿಲ್ಲಿಸಿ, ಎಳೆದು, ನಿಲ್ಲಿಸಿ, ನೀರು ಒಡೆದ ಸದ್ದಿಗೆ ಬೆದರದೆ, ಭಾರ ಬಂದ ಮೇಲೆ ಕಡ್ಡಿ ಎತ್ತಿದರು. ಮೊಣಕೈಯಿಂದ ಬೆರಳ ತುದಿಯವರೆಗಿನ ಕೊರವ. ಮರುದಿನ ಅತ್ತೆ ಅದಕ್ಕೆ ಬೂದಿ ಹಚ್ಚಿ ಉಜ್ಜಿ, ಹುಣಸೆಹುಳಿ, ಮೆಂತ್ಯ, ಬೆಳ್ಳುಳ್ಳಿ ಹಾಕಿ ಮಡಕೆಯಲ್ಲಿ ಸಾರು ಕಾಯಿಸಿದರು. ಮನೆಯವರೆಲ್ಲ ಉಂಡೆವು, ಪಕ್ಕದ ಮನೆಗೂ ಒಂದು ಬಟ್ಟಲು ಹೋಯಿತು.

ಮಾವ ಈಗ ಕೆರೆಗೆ ಬರುವುದಿಲ್ಲ. ಅವರು ತಿಳಿದದ್ದರಲ್ಲಿ ಸ್ವಲ್ಪ ನನ್ನ ಕೈಯಲ್ಲಿದೆ, ಇನ್ನೂ ಸ್ವಲ್ಪ ಅಣ್ಣನ ಮಗನ ಕೈಯಲ್ಲಿದೆ. ಈ ತಿಳಿವಳಿಕೆ ಸಾರಿಗೆ ಎರಡು ಮೀನು ತರುವುದಕ್ಕಷ್ಟೇ ಇರುವುದಲ್ಲ ಎಂದು ನಾನು ನಂಬಿದ್ದೇನೆ. ನಮ್ಮ ಕಡೆ ಕೆರೆ ಹೂಳೆತ್ತುವ ಕೆಲಸ ಆಗಾಗ ನಡೆಯುತ್ತದೆ. ಜೆಸಿಬಿ ಬರುತ್ತದೆ, ಹತ್ತಿರ ಸಿಕ್ಕ ಕಡೆ ಮಣ್ಣು ತೋಡುತ್ತದೆ, ಆ ಹೂಳು ಹೊಲಗಳಿಗೆ ಹೋಗುತ್ತದೆ. ಹೊಲದ ಮಣ್ಣಿಗೆ ಒಳ್ಳೆಯದು. ಆದರೆ ದಡದ ಪಕ್ಕದಲ್ಲೇ ಕಡಿದಾದ ಗುಂಡಿ ಬಿದ್ದರೆ ಈಜು ಬಾರದ ಮಕ್ಕಳಿಗೆ, ದನಕರುಗಳಿಗೆ ಅಪಾಯ. ಅಂಚಿನ ತೆಳುನೀರು ಹೋದರೆ ಮೀನು ಮೊಟ್ಟೆ ಇಡುವ ಜಾಗ ಹೋಗುತ್ತದೆ, ಕೊಕ್ಕರೆ ನಿಲ್ಲುವ ಜಾಗವೂ ಹೋಗುತ್ತದೆ. ಹಳ್ಳದ ದಾರಿಯ ಮಡು ಮುಚ್ಚಿದರೆ ಬರಗಾಲಕ್ಕೆ ಕೆರೆ ಉಳಿಸಿಕೊಳ್ಳುವ ಕೊನೆಯ ನೀರೂ ಹೋಗುತ್ತದೆ. ಎಲ್ಲಿ ಆಳ, ಎಲ್ಲಿ ಜಲ್ಲಿ, ಎಲ್ಲಿ ಮಡು, ಯಾವ ಬದಿಯಿಂದ ಚರಂಡಿ ಬರುತ್ತದೆ ಎಂಬುದನ್ನು ಕಾಗದದಲ್ಲಿ ಹುಡುಕುವ ಮುಂಚೆ ಊರಲ್ಲಿ ಗಾಳ ಹಿಡಿಯುವವರನ್ನು, ಬಲೆ ಬೀಸುವ ಬೆಸ್ತರನ್ನು, ನೀರುಗಂಟಿಯನ್ನು ಕರೆದು ಕೂರಿಸಿ ಕೇಳಬೇಕು. ಕೆಲಸ ಶುರುವಾಗುವ ದಿನ ಅವರಲ್ಲೊಬ್ಬರು ಜೆಸಿಬಿಯ ಮುಂದೆ ನಡೆದು, ಇಲ್ಲಿ ತೆಗೆಯಿರಿ, ಇದನ್ನು ಮುಟ್ಟಬೇಡಿ ಎಂದು ಕೋಲು ನೆಟ್ಟು ತೋರಿಸಬೇಕು. ನಮ್ಮ ಊರಿನ ಗ್ರಾಮಸಭೆಯಲ್ಲಿ ನಾನು ಈ ಮಾತು ಎತ್ತಿದ್ದೇನೆ, ಮತ್ತೆ ಎತ್ತುತ್ತೇನೆ. ನಾಲ್ಕೂ ತಾಲೂಕುಗಳ ಪ್ರತಿ ಕೆರೆಯ ದಡದಲ್ಲೂ ಇಂಥ ಕೈಯೊಂದು ಇನ್ನೂ ಇದೆ. ಅದು ಇರುವಾಗಲೇ ಕೇಳಿಕೊಳ್ಳೋಣ.